ಕಂಪ್ಯೂಟರ್ ಲ್ಯಾಬ್‌ಗೆ ವೇಯಾನ್: ಯಾವ ಪದ ಏನು, ಎಲ್ಲಿ ಎಡವುತ್ತದೆ

ಶಿಕ್ಷಕರು ತಮ್ಮ ಕಂಪ್ಯೂಟರಿನಿಂದಲೇ ವಿದ್ಯಾರ್ಥಿಗಳ ಪರದೆಗಳನ್ನು ನೋಡಿ ನಿಯಂತ್ರಿಸುವ ಲ್ಯಾಬ್ ಮೇಲ್ವಿಚಾರಣೆಯ ತಂತ್ರಾಂಶ ಇನ್‌ಸ್ಟಾಲ್ ಮಾಡುವುದು ಹತ್ತು ನಿಮಿಷದ ಕೆಲಸ. ಹೊತ್ತು ತಿನ್ನುವುದು ಆಮೇಲಿನದು: ಸರ್ವಿಸ್ ಯಾವುದು, ಮಾಸ್ಟರ್ ಯಾವುದು, ಎರಡು ಕೀಲಿಗಳಲ್ಲಿ ಯಾವುದು ಎಲ್ಲಿಗೆ, ಡೆಮೊಗೂ ಲಾಕ್‌ಗೂ ಏನು ವ್ಯತ್ಯಾಸ. ಇಲ್ಲಿ ಆಯ್ದುಕೊಂಡಿರುವುದು ವೇಯಾನ್. ಐಟಾಲ್ಕ್ ಎಂಬ ಹಳೆಯ ತಂತ್ರಾಂಶದ ಮುಂದಿನ ರೂಪವಿದು. ಉಚಿತ, ಮುಕ್ತ ಆಕರದ್ದು, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಓಡುತ್ತದೆ. ದುಡ್ಡು ಕೊಟ್ಟು ಕೊಳ್ಳುವ ತಂತ್ರಾಂಶಗಳಲ್ಲೂ ಒಳಗಿನ ಲೆಕ್ಕಾಚಾರ ಹೆಚ್ಚುಕಡಿಮೆ ಇದೇ, ಬಟನ್‌ಗಳ ಹೆಸರು ಬೇರೆ.

ಮೊದಲು ಮೂರು ಭಾಗಗಳು. ಸರ್ವಿಸ್ ಎಂದರೆ ಪ್ರತಿ ಕಂಪ್ಯೂಟರಿನ ಹಿನ್ನೆಲೆಯಲ್ಲಿ ಓಡುತ್ತಿದ್ದು ಅದರ ಪರದೆಯನ್ನು ನೆಟ್‌ವರ್ಕ್‌ಗೆ ಒದಗಿಸುವ ಭಾಗ. ಮಾಸ್ಟರ್ ಎಂದರೆ ಶಿಕ್ಷಕರು ತೆರೆದು ನೋಡುವ ಕಿಟಕಿ. ಎಲ್ಲರ ಪರದೆಗಳೂ ಅದರಲ್ಲಿ ಥಂಬ್‌ನೇಲ್‌ಗಳಾಗಿ, ಅಂದರೆ ಚಿಕ್ಕ ಚಿತ್ರಗಳಾಗಿ ಕಾಣುತ್ತವೆ. ಕಾನ್ಫಿಗರೇಟರ್ ಸೆಟ್ಟಿಂಗ್‌ಗಳಿಗೆ. ವಿದ್ಯಾರ್ಥಿಗಳ ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಮಾಡುವಾಗ ಮಾಸ್ಟರ್‌ನ ಟಿಕ್ ತೆಗೆಯಿರಿ. ಶಿಕ್ಷಕರ ಕಂಪ್ಯೂಟರಿನಲ್ಲಿ ಮಾತ್ರ ಮೂರೂ ಇರಲಿ. ‘ನಮ್ಮ ಪರದೆಯನ್ನು ಯಾರೂ ನೋಡಬೇಕಿಲ್ಲವಲ್ಲ’ ಎಂದು ಅಲ್ಲಿ ಸರ್ವಿಸ್ ಬಿಟ್ಟರೆ ಮುಂದೆ ಡೆಮೊ, ಅಂದರೆ ಶಿಕ್ಷಕರ ಪರದೆಯನ್ನು ಎಲ್ಲರಿಗೂ ತೋರಿಸುವುದು, ಓಡುವುದೇ ಇಲ್ಲ.

ಎರಡನೇ ಹಂತ ದೃಢೀಕರಣ, ಅಂದರೆ ಕೇಳುತ್ತಿರುವುದು ಶಿಕ್ಷಕರೇ ಎಂದು ವಿದ್ಯಾರ್ಥಿಯ ಕಂಪ್ಯೂಟರ್ ಖಚಿತಪಡಿಸಿಕೊಳ್ಳುವುದು. ಸಣ್ಣ ಶಾಲೆಗೆ ಕೀ ಫೈಲ್ ವಿಧಾನ ಒಳ್ಳೆಯದು. ಶಿಕ್ಷಕರ ಕಂಪ್ಯೂಟರಿನ ಕಾನ್ಫಿಗರೇಟರ್‌ನಲ್ಲಿ ಅಥೆಂಟಿಕೇಶನ್ ಕೀಸ್ ಪುಟಕ್ಕೆ ಹೋಗಿ ಹೊಸ ಕೀಲಿಜೋಡಿ ಮಾಡಿ, ‘ಟೀಚರ್’ ಎಂದೇನಾದರೂ ಹೆಸರಿಡಿ. ಎರಡು ಫೈಲ್ ಹುಟ್ಟುತ್ತವೆ. ಪ್ರೈವೇಟ್ ಕೀ ಶಿಕ್ಷಕರ ಕಂಪ್ಯೂಟರ್ ಬಿಟ್ಟು ಆಚೆ ಹೋಗಬಾರದು. ಅದನ್ನು ಓದುವ ಹಕ್ಕನ್ನು ಆಕ್ಸೆಸ್ ಗ್ರೂಪ್‌ನಲ್ಲಿ ಶಿಕ್ಷಕರ ಗುಂಪಿಗಷ್ಟೇ ಕೊಡಿ. ಪಬ್ಲಿಕ್ ಕೀಯನ್ನು ಎಕ್ಸ್‌ಪೋರ್ಟ್ ಮಾಡಿ, ಪೆನ್‌ಡ್ರೈವ್‌ನಲ್ಲಿ ಒಯ್ದು ಪ್ರತಿ ವಿದ್ಯಾರ್ಥಿಯ ಕಂಪ್ಯೂಟರಿಗೂ ಅದೇ ಹೆಸರಿನಲ್ಲಿ ಇಂಪೋರ್ಟ್ ಮಾಡಿ. ಅವಸರದಲ್ಲಿ ಎರಡನ್ನೂ ಎಲ್ಲ ಕಡೆ ಹಾಕಿಬಿಡುವವರಿದ್ದಾರೆ. ಕೆಲಸವೇನೋ ನಡೆಯುತ್ತದೆ, ಆದರೆ ಮಾಸ್ಟರ್ ಇಳಿಸಿಕೊಂಡ ಯಾವ ಹುಡುಗ ಬೇಕಾದರೂ ಶಿಕ್ಷಕರ ಪರದೆಯನ್ನೇ ಲಾಕ್ ಮಾಡಬಲ್ಲ.

ಉಳಿದ ಸೆಟ್ಟಿಂಗ್‌ಗಳನ್ನು ಒಂದು ಜೇಸನ್ (JSON, ಪಠ್ಯರೂಪದ) ಫೈಲಾಗಿ ಉಳಿಸಿ ಎಲ್ಲ ಕಂಪ್ಯೂಟರಿಗೂ ಹಾಕಬಹುದು. ಕೀಲಿಗಳು ಆ ಫೈಲಿನಲ್ಲಿ ಬರುವುದಿಲ್ಲ, ಅವನ್ನು ಬೇರೆಯಾಗಿಯೇ ಹಾಕಬೇಕು. ಮರುಚಾಲನೆಯಾದಾಗ ಡಿಸ್ಕನ್ನು ಹಳೆಯ ಸ್ಥಿತಿಗೆ ತರುವ ತಂತ್ರಾಂಶ ಲ್ಯಾಬ್‌ನಲ್ಲಿದ್ದರೆ ಮೊದಲು ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿ. ಇಲ್ಲದಿದ್ದರೆ ಇವತ್ತು ಮಾಡಿದ್ದು ನಾಳೆ ಇರುವುದಿಲ್ಲ.

ಮೂರನೆಯದು ಲೊಕೇಶನ್: ಯಾವ ಕೋಣೆಯಲ್ಲಿ ಯಾವ ಕಂಪ್ಯೂಟರ್ ಎಂಬ ಪಟ್ಟಿ. ಪ್ರತಿ ಸಾಲಿಗೂ ಹೆಸರು, ಹೋಸ್ಟ್‌ನೇಮ್ (ನೆಟ್‌ವರ್ಕ್‌ನಲ್ಲಿ ಆ ಕಂಪ್ಯೂಟರಿನ ಹೆಸರು) ಅಥವಾ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದರ ಸಂಖ್ಯೆ), ಮ್ಯಾಕ್ ವಿಳಾಸ (ಅದರ ನೆಟ್‌ವರ್ಕ್ ಕಾರ್ಡಿನ ಗುರುತು) ತುಂಬಬೇಕು. ಐಪಿ ಹಾಕುವುದಾದರೆ ರೂಟರ್‌ನಲ್ಲಿ ಆ ವಿಳಾಸಗಳನ್ನು ಕಾಯ್ದಿರಿಸಿ. ಇಲ್ಲವಾದರೆ ರಜೆ ಮುಗಿಸಿ ಬರುವಷ್ಟರಲ್ಲಿ ಅವು ಅದಲುಬದಲಾಗಿ, 7ನೇ ಕಂಪ್ಯೂಟರಿಗೆ ಕೊಟ್ಟ ಆಜ್ಞೆ 12ನೆಯದಕ್ಕೆ ಹೋಗುತ್ತದೆ. ಒಂದೇ ಡಿಸ್ಕ್‌ನಿಂದ ನಕಲು ಮಾಡಿದ ಲ್ಯಾಬ್‌ಗಳಲ್ಲಿ ಎಲ್ಲಕ್ಕೂ ಒಂದೇ ಹೋಸ್ಟ್‌ನೇಮ್ ಇರುವುದುಂಟು. ಅದನ್ನು ಬದಲಿಸದೆ ಮುಂದೆ ಹೋಗಬೇಡಿ.

ಈಗ ಪೋರ್ಟ್‌ಗಳು, ಅಂದರೆ ನೆಟ್‌ವರ್ಕ್‌ನಿಂದ ಕಂಪ್ಯೂಟರಿನೊಳಗೆ ಬರುವ, ಸಂಖ್ಯೆಯಿಂದ ಗುರುತಿಸುವ ಬಾಗಿಲುಗಳು. ಹೆಚ್ಚಿನ ತಲೆನೋವು ಇಲ್ಲಿನದೇ. ಮಾಸ್ಟರ್ ವಿದ್ಯಾರ್ಥಿಯ ಕಂಪ್ಯೂಟರನ್ನು ತಲುಪುವುದು 11100ರ ಮೂಲಕ. ಡೆಮೊ ಹೊತ್ತಿಗೆ ದಿಕ್ಕು ತಿರುಗುತ್ತದೆ: ವಿದ್ಯಾರ್ಥಿಗಳ ಕಂಪ್ಯೂಟರುಗಳೇ ಶಿಕ್ಷಕರ ಕಂಪ್ಯೂಟರಿನ 11400ಕ್ಕೆ ಬಂದು ಚಿತ್ರ ಪಡೆಯುತ್ತವೆ. ಹಾಗಾಗಿ ಥಂಬ್‌ನೇಲ್‌ಗಳೆಲ್ಲ ಚೆನ್ನಾಗಿ ಕಂಡು ಡೆಮೊ ಮಾತ್ರ ಖಾಲಿ ಬಂದರೆ ವಿದ್ಯಾರ್ಥಿಗಳ ಕಂಪ್ಯೂಟರ್ ಮುಟ್ಟಬೇಡಿ. ಶಿಕ್ಷಕರದರ ಫೈರ್‌ವಾಲ್ (ಹೊರಗಿನ ಸಂಪರ್ಕ ತಡೆಯುವ ತಂತ್ರಾಂಶ) ನೋಡಿ. ವಿಂಡೋಸ್‌ನಲ್ಲಿ ಎರಡೂ ಕಡೆ ನೆಟ್‌ವರ್ಕ್ ಪ್ರೊಫೈಲ್ ‘ಪ್ರೈವೇಟ್’ ಇರಲಿ.

ಥಂಬ್‌ನೇಲ್ ಬರದಿದ್ದರೆ ಅದರ ಮೇಲೆ ಮೌಸ್ ಇಟ್ಟು ಸ್ಥಿತಿ ಓದಿ. ಆಫ್‌ಲೈನ್ ಎಂದಿದ್ದರೆ ಕಂಪ್ಯೂಟರ್ ಆರಿದೆ, ಇಲ್ಲವೇ ಕೇಬಲ್ ಕಳಚಿದೆ, ಇಲ್ಲವೇ ಫೈರ್‌ವಾಲ್ ಪಿಂಗ್‌ಗೆ (‘ಇದ್ದೀಯಾ’ ಎಂದು ಕೇಳುವ ಸಂದೇಶಕ್ಕೆ) ಉತ್ತರ ಕೊಡಗೊಡುತ್ತಿಲ್ಲ. ಸರ್ವಿಸ್ ಸಿಗುತ್ತಿಲ್ಲ ಎಂದಿದ್ದರೆ ಕಂಪ್ಯೂಟರ್ ಇದೆ, ಸರ್ವಿಸ್ ನಿಂತಿದೆ ಅಥವಾ 11100 ಮುಚ್ಚಿದೆ. ದೃಢೀಕರಣ ವಿಫಲ ಎಂದಿದ್ದರೆ ನೆಟ್‌ವರ್ಕ್‌ನದೇನೂ ತಪ್ಪಿಲ್ಲ. ಕೀಲಿಯ ಹೆಸರು ಬೇರೆಯಾಗಿದೆ, ಅಥವಾ ಹಳೆಯ ಜೋಡಿಯ ಪಬ್ಲಿಕ್ ಕೀ ಅಲ್ಲೇ ಉಳಿದಿದೆ. ಕರೆಂಟು ಹೋದಾಗ ಎಲ್ಲ ಕಂಪ್ಯೂಟರುಗಳೂ ಯುಪಿಎಸ್ ಮೇಲೆ ಓಡುತ್ತಿದ್ದು ಥಂಬ್‌ನೇಲ್‌ಗಳು ಮಾತ್ರ ಒಟ್ಟಿಗೆ ಮಾಯವಾದವೇ? ನೆಟ್‌ವರ್ಕ್ ಸ್ವಿಚ್ಚಿಗೆ ಯುಪಿಎಸ್ ಸಂಪರ್ಕ ಕೊಟ್ಟಿಲ್ಲ. ವೈಫೈ ಲ್ಯಾಬ್ ಆದರೆ ಕ್ಲೈಂಟ್ ಐಸೊಲೇಶನ್ ಎಂಬ ಆಯ್ಕೆ ನೋಡಿ. ಅದು ಚಾಲೂ ಇದ್ದಾಗ ಒಂದೇ ವೈಫೈನಲ್ಲಿರುವ ಕಂಪ್ಯೂಟರುಗಳು ಪರಸ್ಪರ ಮಾತಾಡಲಾರವು. ಲಿನಕ್ಸ್‌ನಲ್ಲಿ ಪರದೆ ಬರಿ ಕಪ್ಪಾಗಿ ಬಂದರೆ ಕಾರಣ ಬಹುತೇಕ ವೇಲ್ಯಾಂಡ್ ಎಂಬ, ಪರದೆ ಚಿತ್ರಿಸುವ ಹೊಸ ವ್ಯವಸ್ಥೆ. ಉಬುಂಟು 22.04, 24.04ರಲ್ಲಿ ಲಾಗಿನ್ ಪರದೆಯ ಗಿಯರ್ ಚಿಹ್ನೆ ಒತ್ತಿ ಹಳೆಯ ವ್ಯವಸ್ಥೆಯಾದ ಕ್ಸಾರ್ಗ್‌ನ ಸೆಷನ್ ಆಯ್ದುಕೊಳ್ಳಿ.

ಪಾಠದ ಹೊತ್ತಿನ ಬಟನ್‌ಗಳು. ಫುಲ್‌ಸ್ಕ್ರೀನ್ ಡೆಮೊ ಶಿಕ್ಷಕರ ಪರದೆಯನ್ನು ಎಲ್ಲರಿಗೂ ತೋರಿಸಿ ಕೀಬೋರ್ಡ್, ಮೌಸ್ ಕಟ್ಟಿಹಾಕುತ್ತದೆ. ವಿಂಡೋ ಡೆಮೊ ಚಿತ್ರವನ್ನು ಒಂದು ಕಿಟಕಿಯಲ್ಲಿ ಕೊಡುತ್ತದೆ. ನೋಡುತ್ತಲೇ ಮಾಡಿ ಕಲಿಯುವ ಪಾಠಕ್ಕೆ ಇದೇ ಸರಿ. ಲಾಕ್ ಏನನ್ನೂ ಕಲಿಸುವುದಿಲ್ಲ, ‘ಇತ್ತ ನೋಡಿ’ ಎನ್ನುತ್ತದಷ್ಟೆ. ರಿಮೋಟ್ ವ್ಯೂ ನೋಡುವುದಕ್ಕೆ ಮಾತ್ರ. ರಿಮೋಟ್ ಕಂಟ್ರೋಲ್‌ನಲ್ಲಿ ಮೌಸ್ ಶಿಕ್ಷಕರ ಕೈಗೆ ಬರುತ್ತದೆ. ಡೆಮೊದಲ್ಲಿ ಪ್ರತಿ ಕಂಪ್ಯೂಟರಿಗೂ ಚಿತ್ರ ಬೇರೆಬೇರೆಯಾಗಿ ಹರಿಯುವುದರಿಂದ ಮೂವತ್ತು ಕಂಪ್ಯೂಟರಿಗೆ ವಿಡಿಯೊ ತೋರಿಸಿದರೆ 100 ಎಂಬಿಪಿಎಸ್ ಸ್ವಿಚ್ ಏದುಸಿರು ಬಿಡುತ್ತದೆ. ವಿಡಿಯೊಗೆ ಪ್ರೊಜೆಕ್ಟರೇ ಮೇಲು.

ಪವರ್ ಆನ್ ಬಟನ್‌ನ ಹಿಂದಿರುವುದು ವೇಕ್ ಆನ್ ಲ್ಯಾನ್, ಆರಿದ ಕಂಪ್ಯೂಟರನ್ನು ನೆಟ್‌ವರ್ಕ್ ಮೂಲಕ ಎಬ್ಬಿಸುವ ಸೌಲಭ್ಯ. ಮ್ಯಾಕ್ ವಿಳಾಸ ತುಂಬಿರಬೇಕು, ಬಯಾಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳಲ್ಲಿ) ಆ ಸೌಲಭ್ಯ ಚಾಲೂ ಇರಬೇಕು, ಕೇಬಲ್ ಸಂಪರ್ಕ ಇರಬೇಕು. ಮೂರೂ ಇದ್ದು ಎದ್ದೇಳದಿದ್ದರೆ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಯ್ಕೆಯನ್ನು ಆಫ್ ಮಾಡಿ ನೋಡಿ. ಸಂಜೆ ಮುಖ್ಯ ಸ್ವಿಚ್ಚನ್ನೇ ಆರಿಸುವ ಲ್ಯಾಬ್‌ನಲ್ಲಿ ಈ ಬಟನ್‌ಗೆ ಕೆಲಸವಿಲ್ಲ.

ಕೊನೆಗೆ ಆಕ್ಸೆಸ್ ಕಂಟ್ರೋಲ್: ಕೀಲಿ ಸರಿಯಿದ್ದರೂ ಯಾರು ಯಾವ ಕಂಪ್ಯೂಟರ್ ನೋಡಬಹುದು ಎಂಬ ನಿಯಮ. ಸಿಬ್ಬಂದಿ ಕೋಣೆಯ ಕಂಪ್ಯೂಟರುಗಳಿಗೆ ‘ಬಳಕೆದಾರರ ಒಪ್ಪಿಗೆ ಕೇಳು’ ಎಂಬ ನಿಯಮ ಹಾಕಿ. ಸರ್ವಿಸ್‌ನ ಟ್ರೇ ಐಕಾನ್ ಅಡಗಿಸುವ ಆಯ್ಕೆ ಇದೆ; ಅಡಗಿಸಬೇಡಿ. ನೋಡಲಾಗುತ್ತಿದೆ ಎಂದು ಮಕ್ಕಳಿಗೆ ಗೊತ್ತಿರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಅವರ ವರ್ತನೆಯ ಮೇಲೆ ನಿಗಾ ಇಡುವುದಕ್ಕೆ ಅದರ 9ನೇ ಸೆಕ್ಷನ್‌ನಲ್ಲಿ ನಿರ್ಬಂಧವಿದೆ. ಶಾಲೆಯ ಲ್ಯಾಪ್‌ಟಾಪನ್ನು ಮನೆಗೆ ಕಳಿಸುವುದಾದರೆ ಸರ್ವಿಸ್ ನಿಲ್ಲಿಸಿಯೇ ಕಳಿಸಿ. ಸ್ಕ್ರೀನ್‌ಶಾಟ್ ಬಟನ್ ಒತ್ತಿದಾಗಲೆಲ್ಲ ಆ ಮಗುವಿನ ಪರದೆಯ ಚಿತ್ರ ಶಿಕ್ಷಕರ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಆ ಫೋಲ್ಡರನ್ನು ತಿಂಗಳಿಗೊಮ್ಮೆ ಖಾಲಿ ಮಾಡಿ.