ಮೊದಲ ವಿಂಟೇಜ್ ಬೈಕ್: ಬಣ್ಣ ಆಮೇಲೆ, ಇಂಜಿನ್ ಮೊದಲು

ಮೊದಲ ವಿಂಟೇಜ್ ಬೈಕ್ ಕೊಳ್ಳುವವರು ಓಡುತ್ತಿರುವ, ಎಲ್ಲ ಭಾಗಗಳೂ ಇರುವ ಗಾಡಿಯನ್ನೇ ಆರಿಸಿ. ಬಣ್ಣ ಮಾಸಿದ್ದರೆ ಮಾಸಿರಲಿ. ಬಿಚ್ಚಿ ಡಬ್ಬಿಗಳಲ್ಲಿ ತುಂಬಿಟ್ಟ ಗಾಡಿ ಅಗ್ಗಕ್ಕೆ ಸಿಗುತ್ತದೆ ನಿಜ, ಆದರೆ ಅದರಲ್ಲಿ ಏನೇನಿಲ್ಲ ಅನ್ನುವುದು ಜೋಡಿಸಲು ಕೂತಾಗಲೇ ಗೊತ್ತಾಗುವುದು. ಪಿಸ್ಟನ್, ರಿಂಗ್, ಬೇರಿಂಗ್ ಹೇಗೋ ಹೊಂದಿಸಬಹುದು. ಸೈಡ್ ಕವರ್, ಟ್ಯಾಂಕ್ ಬ್ಯಾಡ್ಜ್, ಮೂಲ ಕಾರ್ಬುರೇಟರ್‌ಗೆ ವರ್ಷಗಟ್ಟಲೆ ಅಲೆಯಬೇಕಾದೀತು. ಆದ್ದರಿಂದ ಮಾಡೆಲ್ ಮೇಲೆ ಮನಸ್ಸಾದ ದಿನವೇ ಸ್ಪೇರ್ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿ. 1950ರ ದಶಕದ ಬ್ರಿಟಿಷ್ ಗಾಡಿಯಾದರೆ ಮಿಲಿಮೀಟರ್ ಸ್ಪ್ಯಾನರ್ ಕೂರುವುದಿಲ್ಲ, ವಿಟ್‌ವರ್ತ್ (ಹಳೇ ಬ್ರಿಟಿಷ್ ಇಂಚಿನ ಪದ್ಧತಿ) ಅಳತೆಯವು ಬೇಕು.

ಇಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ದಾಖಲೆಯ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ. ನಂಬರ್ ಇರುವ ಜಾಗದಲ್ಲಿ ಉಜ್ಜಿದ ಗುರುತಿದ್ದರೆ, ಅಂಕಿಗಳು ಸೊಟ್ಟಪಟ್ಟ ಇದ್ದರೆ ವಾಪಸ್ ಬಂದುಬಿಡಿ. ಗಾಡಿ ಎಷ್ಟೇ ಚೆನ್ನಾಗಿದ್ದರೂ ಸರಿ.

ನಾನು ಬರುವ ಮೊದಲು ಇಂಜಿನ್ ಸ್ಟಾರ್ಟ್ ಮಾಡಬೇಡಿ ಎಂದು ಮಾಲೀಕರಿಗೆ ಹೇಳಿಡಿ. ಹೋದೊಡನೆ ಸಿಲಿಂಡರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ತಣ್ಣಗಾಗುವವರೆಗೆ ಕಾಯಿರಿ, ಏಕೆಂದರೆ ಹಳೇ ಇಂಜಿನ್‌ನ ಕಾಯಿಲೆ ಕಾಣುವುದು ಮೊದಲ ಕಿಕ್‌ನಲ್ಲೇ. ಇಗ್ನಿಷನ್ ಆಫ್ ಇಟ್ಟು ಕಿಕ್ಕರ್ ಮೇಲೆ ನಿಧಾನವಾಗಿ ಭಾರ ಬಿಡಿ. ಕಂಪ್ರೆಷನ್ ಕಾಲನ್ನು ತಡೆದು, ಆಮೇಲೆ ಮೆಲ್ಲಗೆ ಇಳಿಯಗೊಡಬೇಕು. ತಡೆಯೇ ಇಲ್ಲದೆ ಸರ್ರನೆ ಇಳಿದರೆ ರಿಂಗ್ ಸವೆದಿದೆ, ಇಲ್ಲವೇ ವಾಲ್ವ್ ಸರಿಯಾಗಿ ಕೂರುತ್ತಿಲ್ಲ.

ಸ್ಟಾರ್ಟ್ ಆದ ಮೇಲೆ ಸೈಲೆನ್ಸರ್ ಹಿಂದೆ ನಿಲ್ಲಿ. ತಣ್ಣಗಿದ್ದಾಗ ಬಂದು ಮಾಯವಾಗುವ ಬಿಳಿ ಹೊಗೆ ಬರೀ ತೇವ. ಫೋರ್ ಸ್ಟ್ರೋಕ್‌ನಲ್ಲಿ ಆಕ್ಸಲರೇಟರ್ ಕೊಟ್ಟಾಗ ನೀಲಿ ಹೊಗೆ ಬಂದರೆ ಸಾಮಾನ್ಯವಾಗಿ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆ. ಬಿಟ್ಟಾಗ ಬಂದರೆ ವಾಲ್ವ್ ಗೈಡ್ (ವಾಲ್ವ್ ಸರಿದಾಡುವ ಕೊಳವೆ) ಸವೆದಿದೆ. ಆಯಿಲ್‌ಗೆ ಬೇರೆ ಟ್ಯಾಂಕ್ ಇರುವ ಬ್ರಿಟಿಷ್ ಇಂಜಿನ್‌ಗಳಲ್ಲಿ ಇನ್ನೊಂದು ವಿಷಯವಿದೆ: ವಾರಗಟ್ಟಲೆ ನಿಂತರೆ ಆಯಿಲ್ ಪಂಪ್ ಮೂಲಕ ಜಿನುಗಿ ಇಂಜಿನ್ನಿನ ತಳದ ಕ್ರ್ಯಾಂಕ್‌ಕೇಸ್ ಸೇರುತ್ತದೆ, ಸ್ಟಾರ್ಟ್ ಮಾಡಿದಾಗ ದಟ್ಟ ಹೊಗೆ ಬರುತ್ತದೆ. ಅದಕ್ಕೇ ಗಾಬರಿ ಬೇಡ. ಆದರೆ ಆಯಿಲ್ ಟ್ಯಾಂಕಿನ ಮುಚ್ಚಳ ತೆಗೆದು, ರಿಟರ್ನ್ ಪೈಪಿನಿಂದ ಆಯಿಲ್ ವಾಪಸ್ ಬೀಳುತ್ತಿದೆಯೇ ನೋಡಿ. ಬೀಳದಿದ್ದರೆ ತಕ್ಷಣ ಆಫ್ ಮಾಡಿಸಿ.

ಹಳೇ ಜಾವಾ, ಯೆಜ್ಡಿಯಂಥ ಟೂ ಸ್ಟ್ರೋಕ್‌ನಲ್ಲಿ ತುಸು ನೀಲಿ ಹೊಗೆ ಸಹಜ. ಅಲ್ಲಿ ಹೆದರಬೇಕಾದದ್ದು ಕ್ರ್ಯಾಂಕ್ ಸೀಲ್‌ಗೆ, ಅಂದರೆ ಕ್ರ್ಯಾಂಕ್ ಶಾಫ್ಟಿನ ತುದಿಗಳಲ್ಲಿ ಗಾಳಿ ತಡೆಯುವ ರಬ್ಬರ್ ಬಳೆಗೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ರಬ್ಬರ್ ಗಟ್ಟಿಯಾಗಿ ಒಂದು ಕಡೆಯಿಂದ ಗಾಳಿ ಎಳೆಯುತ್ತದೆ, ಐಡಲ್ (ಆಕ್ಸಲರೇಟರ್ ಕೊಡದಿದ್ದಾಗಿನ ಇಂಜಿನ್ ವೇಗ) ತಾನಾಗಿ ಏರುತ್ತದೆ, ಪೆಟ್ರೋಲ್ ಮಿಶ್ರಣ ತೆಳುವಾಗಿ ಕೊನೆಗೆ ಪಿಸ್ಟನ್ ಜಾಮ್ ಆಗುತ್ತದೆ. ಸೀಲ್ ಸಣ್ಣ ವಸ್ತು, ಆದರೆ ಬಹಳಷ್ಟು ಇಂಜಿನ್‌ಗಳಲ್ಲಿ ಅದನ್ನು ಬದಲಿಸಲು ಇಂಜಿನ್ನನ್ನೇ ಇಳಿಸಬೇಕು.

ಜೇಬಿನಲ್ಲಿ ಒಂದು ಆಯಸ್ಕಾಂತ, ಒಂದು ಟಾರ್ಚ್ ಇರಲಿ. ಉಕ್ಕಿನ ಟ್ಯಾಂಕಿನ ಮೇಲೆ ಆಯಸ್ಕಾಂತವನ್ನು ಬಟ್ಟೆ ಸುತ್ತಿ ಸರಿಸಿ. ಹಿಡಿತ ತಪ್ಪಿದ ಕಡೆ ಬಣ್ಣದಡಿ ಪುಟ್ಟಿ ಇದೆ. ಟಾರ್ಚ್ ಬೆಳಕು ಬಿಟ್ಟು ಟ್ಯಾಂಕಿನ ಒಳಗೆ ನೋಡಿ: ಕೆಂಪು ತುಕ್ಕಿನ ಪುಡಿ ಇದ್ದರೆ ಕಾರ್ಬುರೇಟರ್ ಜೆಟ್ ಕಟ್ಟಿಕೊಳ್ಳುತ್ತಲೇ ಇರುತ್ತದೆ.

ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲ್ ತಿರುಗಿಸಿ. ನಡುವಿನಲ್ಲಿ ಗುಳಿಯೊಳಗೆ ಬಿದ್ದಂತೆ ನಿಂತರೆ ಸ್ಟೀರಿಂಗ್ ಬೇರಿಂಗ್ ಹೋಗಿದೆ. ಹಿಂದಿನ ಚಕ್ರ ಎಡಬಲ ಅಲ್ಲಾಡಿಸಿ, ಅದನ್ನು ಹಿಡಿದಿರುವ ಸ್ವಿಂಗ್ ಆರ್ಮ್‌ನ ಬುಷ್‌ನಲ್ಲಿ ಪ್ಲೇ (ಸಡಿಲ) ಇರಬಾರದು. ಸ್ಪೋಕ್‌ಗಳನ್ನು ಸ್ಪ್ಯಾನರ್‌ನಿಂದ ತಟ್ಟಿ: ಟಿಣ್ ಅನ್ನದೆ ಮಂಕಾಗಿ ಸದ್ದು ಮಾಡುವುದು ಸಡಿಲ. ಟೈರ್ ಪಕ್ಕದ ತಯಾರಿಕೆಯ ಸಂಕೇತದಲ್ಲಿ ಕೊನೆಗೆ 3219 ಎಂದಿದ್ದರೆ 2019ರ 32ನೇ ವಾರದ್ದು; ಮೂರೇ ಅಂಕಿ ಇದ್ದರೆ 2000ಕ್ಕಿಂತ ಹಳೆಯದು, ಟೈರಿನ ಗ್ರಿಪ್ ಎಷ್ಟು ಉಳಿದಿದ್ದರೂ ಅದರ ಮೇಲೆ ಓಡಿಸಬೇಡಿ.

ಓಡಿಸುವಾಗ ಪ್ರತಿ ಗೇರ್‌ನಲ್ಲೂ ಆಕ್ಸಲರೇಟರ್ ಕೊಟ್ಟು ಬಿಟ್ಟು ನೋಡಿ. ಗೇರ್ ತಾನಾಗಿ ಕಳಚಿದರೆ ಗೇರ್‌ಬಾಕ್ಸ್ ಬಿಚ್ಚುವ ಖರ್ಚನ್ನು ಬೆಲೆಯಲ್ಲಿ ಇಳಿಸಿಯೇ ಮಾತಾಡಿ. ಹಳೇ ಬ್ರಿಟಿಷ್ ಗಾಡಿಗಳಲ್ಲಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಹೊರಡುವ ಮುನ್ನ ನಿಂತಲ್ಲೇ ನಾಲ್ಕು ಸಲ ಒತ್ತಿ ಕಾಲಿಗೆ ರೂಢಿ ಮಾಡಿಸಿ.

ಕೊಂಡ ಮೇಲೆ ಮೊದಲ ವಾರವೇ ಇಂಜಿನ್ ಆಯಿಲ್, ಪೆಟ್ರೋಲ್ ಪೈಪ್, ಬ್ರೇಕ್ ಮತ್ತು ಕ್ಲಚ್ ಕೇಬಲ್ ಬದಲಿಸಿ. ಪಾಯಿಂಟ್ ಗ್ಯಾಪ್ (ಇಗ್ನಿಷನ್ನಿನ ಕಾಂಟ್ಯಾಕ್ಟ್ ಪಾಯಿಂಟ್‌ಗಳ ನಡುವಿನ ಅಂತರ) ಅನೇಕ ಗಾಡಿಗಳಲ್ಲಿ 0.35ರಿಂದ 0.40 ಮಿ.ಮೀ, ನಿಮ್ಮ ಮಾಡೆಲ್‌ನ ಮ್ಯಾನ್ಯುಯಲ್ ನೋಡಿ ಫೀಲರ್ ಗೇಜ್‌ನಲ್ಲಿ (ಸಣ್ಣ ಅಂತರ ಅಳೆಯುವ ತೆಳು ಪಟ್ಟಿಗಳು) ಹೊಂದಿಸಿ. ಬ್ಯಾಟರಿ ಕಳಚುವ ಮುನ್ನ ಯಾವ ತುದಿ ಚಾಸಿಗೆ ಸೇರಿದೆ ಎಂದು ಬರೆದಿಟ್ಟುಕೊಳ್ಳಿ. ಅನೇಕ ಹಳೇ ಬ್ರಿಟಿಷ್ ಗಾಡಿಗಳಲ್ಲಿ ಚಾಸಿಗೆ ಸೇರುವುದು ಪಾಸಿಟಿವ್, ಉಲ್ಟಾ ಕೊಟ್ಟರೆ ರೆಕ್ಟಿಫೈಯರ್ (ಎಸಿ ಕರೆಂಟನ್ನು ಡಿಸಿ ಮಾಡುವ ಭಾಗ) ಇರುವ ಗಾಡಿಯಲ್ಲಿ ಅದು ಸುಟ್ಟುಹೋಗಬಹುದು.