ಟ್ಯಾಂಕ್ ಖಾಲಿಯಾದರೆ ಎದ್ದು ಹೇಳುವ ಚಿಪ್

ಮುಂಬಯಿ ಕಡೆಯ ಡೊಂಬಿವಲಿಯಾಗಲಿ, ಮಾಟುಂಗಾ ಆಗಲಿ, ಟೆರೇಸಿನ ಟ್ಯಾಂಕ್ ಬರಿದಾದದ್ದು ಗೊತ್ತಾಗುವುದು ನಲ್ಲಿ ಬುಸ್ ಎಂದಾಗಲೇ. ಮೇಲಿನ ಮಹಡಿಯವರು ಸಿಆರ್2032 ಎಂಬ 3 ವೋಲ್ಟಿನ ಬಿಲ್ಲೆ ಸೆಲ್ ಹಾಕಿ ಇದಕ್ಕೊಂದು ಉಪಾಯ ಮಾಡಬಹುದು: ಮಲಗಿರುವ ಚಿಪ್ ಟ್ಯಾಂಕ್ ಬರಿದಾದಾಗ ಎದ್ದು ಪಿಸಿಗೆ ಸುದ್ದಿ ಕಳಿಸುತ್ತದೆ.

ಮೊದಲು ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಹೋಗಿ. ಎಂಎಸ್‌ಪಿ430ಜಿ2553 ಚಿಪ್ (ಕಡಿಮೆ ಕರೆಂಟಿನ ಪುಟ್ಟ ಕಂಪ್ಯೂಟರ್), ಅದಕ್ಕೆ ಪ್ರೋಗ್ರಾಂ ತುಂಬುವ ಲಾಂಚ್‌ಪ್ಯಾಡ್ ಬೋರ್ಡ್, ನೀರಿನ ಮಟ್ಟಕ್ಕೆ ತಕ್ಕಂತೆ ತೇಲಿ ಬೀಳುವ ಫ್ಲೋಟ್ ಸ್ವಿಚ್, 3.3 ವೋಲ್ಟಿನ ಯುಎಸ್‌ಬಿ ಸೀರಿಯಲ್ ಅಡಾಪ್ಟರ್ ಬೇಕು. 20 ಕಾಲಿನ ಚಿಪ್ಪನ್ನೇ ಕೇಳಿ, ಬೆಸುಗೆಯಿಲ್ಲದೆ ಜೋಡಿಸುವ ಬ್ರೆಡ್‌ಬೋರ್ಡಿಗೆ ಕೂರುತ್ತದೆ. ಹವ್ಯಾಸಿಗಳು ಬಳಸುವ ಆರ್ಡುಯಿನೊ ಯುನೊ ಬೋರ್ಡ್ ಇಲ್ಲಿ ಬೇಡ. ಚಿಪ್ ಮಲಗಿದರೂ ಬೋರ್ಡಿನ ರೆಗ್ಯುಲೇಟರು, ದೀಪ ಕರೆಂಟ್ ತಿನ್ನುತ್ತಲೇ ಇರುತ್ತವೆ.

ಲಾಂಚ್‌ಪ್ಯಾಡಿನ 1.5 ಆವೃತ್ತಿಯಲ್ಲಿ ಸೀರಿಯಲ್‌ನ ಎರಡು ಜಂಪರ್‌ಗಳನ್ನು (ಪಿನ್ನುಗಳನ್ನು ಜೋಡಿಸುವ ಪುಟ್ಟ ಕ್ಯಾಪ್) ಅಡ್ಡಕ್ಕೆ ತಿರುಗಿಸಿ. ಇಲ್ಲದಿದ್ದರೆ ಚಿಪ್ಪಿನೊಳಗಿನ, ಅಕ್ಷರ ಕಳಿಸುವ ಯುಎಆರ್‌ಟಿ ಭಾಗ ಪಿಸಿಗೆ ಸಿಗುವುದಿಲ್ಲ. ಚಿಪ್ಪಿನ ಗಡಿಯಾರವನ್ನು 1 ಮೆಗಾಹರ್ಟ್ಸ್‌ಗೆ ಇಟ್ಟು 104ರಿಂದ ಭಾಗಿಸಿದರೆ ಸುಮಾರು 9600 ಬಾಡ್ (ಸೆಕೆಂಡಿಗೆ ಅಷ್ಟು ಬಿಟ್) ಸಿಗುತ್ತದೆ. ಒಂದು ಅಕ್ಷರ ಹೋಗಲು ಸುಮಾರು 1 ಮಿಲಿಸೆಕೆಂಡ್.

ಪ್ರೋಗ್ರಾಂ ಸುಲಭ. ಸ್ವಿಚ್ ಬಿದ್ದಾಗ ಇಂಟರಪ್ಟ್ (ಚಿಪ್ಪನ್ನು ಎಬ್ಬಿಸುವ ಸಂಕೇತ), ಎರಡು ಅಕ್ಷರ ಕಳಿಸು, ಮತ್ತೆ ಎಲ್‌ಪಿಎಂ4 ಎಂಬ ಗಾಢ ನಿದ್ದೆಗೆ ಹೋಗು. ಆದರೆ ಕಳಿಸುವ ಅಕ್ಷರ ಕಾಯುವ ಜಾಗ, ಅಂದರೆ ಬಫರ್, ಖಾಲಿಯಾದ ಕೂಡಲೇ ಮಲಗಿಸಬೇಡಿ. ಕೊನೆಯ ಅಕ್ಷರ ಇನ್ನೂ ಹೊರಗೆ ಹೋಗುತ್ತಿರುತ್ತದೆ. ಯುಎಆರ್‌ಟಿ ಕೆಲಸದಲ್ಲಿದೆ ಎಂದು ತೋರಿಸುವ ಯುಸಿಬ್ಯುಸಿ ಬಿಟ್ ಸೊನ್ನೆಯಾಗುವವರೆಗೆ ಕಾಯಿರಿ.

ಆಮೇಲೆ ಚಿಪ್ಪನ್ನು ಬೋರ್ಡಿನಿಂದ ಬಿಡಿಸಿ ಬ್ರೆಡ್‌ಬೋರ್ಡಿಗೆ ಹಾಕಿ. ರೀಸೆಟ್ ಕಾಲಿನಿಂದ ಪ್ಲಸ್‌ಗೆ 47 ಕಿಲೋಓಮ್ ರೆಸಿಸ್ಟರ್ ಕೊಡಿ. ಅಕ್ಷರ ಹೊರಡುವ ಪಿ1.2 ಕಾಲಿನ ತಂತಿ ಅಡಾಪ್ಟರಿನ ಆರ್‌ಎಕ್ಸ್‌ಗೆ (ಸ್ವೀಕರಿಸುವ ಪಿನ್), ಗ್ರೌಂಡ್ ಗ್ರೌಂಡ್‌ಗೆ. ಅಡಾಪ್ಟರನ್ನು ಪಿಸಿಗೆ ಚುಚ್ಚಿಯೇ ಇಡಿ. ಅದು ಆಫ್ ಆಗಿದ್ದರೆ ಪಿ1.2ರಿಂದ ಸೆಲ್ಲಿನ ಕರೆಂಟ್ ಅದರೊಳಗೆ ಸೋರುತ್ತದೆ. ಬಳಸದ ಕಾಲುಗಳನ್ನೆಲ್ಲ ಔಟ್‌ಪುಟ್ ಮಾಡಿಬಿಡಿ, ಎಲ್ಲಿಗೂ ಜೋಡಿಸದೆ ತೇಲುವ ಇನ್‌ಪುಟ್ ಸುಮ್ನೆ ಕರೆಂಟ್ ಎಳೆಯುತ್ತದೆ.

ಈಗ ನಿಜವಾದ ತೊಂದರೆ, ಸ್ವಿಚ್. ಎಲ್‌ಪಿಎಂ4ರಲ್ಲಿ ಚಿಪ್ ಎಳೆಯುವುದು ಬರೀ 0.1 ಮೈಕ್ರೋಆಂಪ್. ಸ್ವಿಚ್ಚಿನ ಕಾಲನ್ನು ಪ್ಲಸ್‌ಗೆ ಎಳೆದಿಡುವ ಒಳಗಿನ ರೆಸಿಸ್ಟರ್, ಅಂದರೆ ಪುಲ್‌ಅಪ್, ಸುಮಾರು 35 ಕಿಲೋಓಮ್. ಸ್ವಿಚ್ ಮುಚ್ಚಿದ್ದಷ್ಟು ಹೊತ್ತೂ ಅದರಲ್ಲಿ ಸುಮಾರು 85 ಮೈಕ್ರೋಆಂಪ್ ಹರಿಯುತ್ತದೆ! ಹೀಗೇ ಬಿಟ್ಟರೆ 220 ಮಿಲಿಆಂಪ್-ಗಂಟೆಯ ಸೆಲ್ ಮೂರೂವರೆ ತಿಂಗಳಿಗೆ ಖಾಲಿ. ಒಳಗಿನದನ್ನು ಆಫ್ ಮಾಡಿ ಹೊರಗೆ 1 ಮೆಗಾಓಮ್ ಹಾಕಿದರೆ 3 ಮೈಕ್ರೋಆಂಪ್‌ಗೆ ಇಳಿಯುತ್ತದೆ. ಟ್ಯಾಂಕ್ ತುಂಬಿದ್ದಾಗ ಸ್ವಿಚ್ ತೆರೆದಿರುವಂತೆ ಫ್ಲೋಟನ್ನು ತಿರುಗಿಸಿ ಕೂರಿಸಿದರೆ ಅದೂ ಉಳಿತಾಯವಾಗುತ್ತದೆ. ಟ್ಯಾಂಕ್ ಹೆಚ್ಚು ಹೊತ್ತು ತುಂಬಿಯೇ ಇರುತ್ತದೆ, ಅಲ್ವಾ?

ಈ ಜೋಡಣೆ ಕೆಲವು ಮೀಟರ್ ತಂತಿಗಷ್ಟೇ. ಕೆಳಗಿನ ವಾಚ್‌ಮನ್ ಕ್ಯಾಬಿನ್‌ವರೆಗೆ ಎಳೆಯುವುದಾದರೆ ಉದ್ದ ತಂತಿಯಲ್ಲಿ ಸಂಕೇತ ಕಳಿಸುವ ಆರ್‌ಎಸ್-485 ಚಿಪ್ ಸೇರಿಸಿ. ಅದಕ್ಕೆ ಈ ಸೆಲ್ ಸಾಲದು, ದೊಡ್ಡ ಬ್ಯಾಟರಿಯನ್ನೇ ಕೊಡಿ.