ಹಾಡು ಬಿಟ್ಟಿಗೆ ಸಿಗುವ ಕಾಲದಲ್ಲಿ ಹಾಡು ಮಾರಿದ್ದು

ಯಾವ ಕಂಪನಿಯ ಹಂಗೂ ಇಲ್ಲದೆ ಹಾಡು ಬಿಡುಗಡೆ ಮಾಡುವವಳು ನಾನು. ಹೊಸಬರು ನನ್ನನ್ನು ಕೇಳುವ ಮೊದಲ ಪ್ರಶ್ನೆ, ಸ್ಟ್ರೀಮಿಂಗ್‌ನಲ್ಲಿ ಒಂದು ಪ್ಲೇಗೆ ಎಷ್ಟು ದುಡ್ಡು ಬರುತ್ತೆ ಅಂತ. ಅದಕ್ಕೆ ನಿಗದಿಯಾದ ದರವೇ ಇಲ್ಲ ಎಂದರೆ ನಂಬುವುದಿಲ್ಲ. ಚಂದಾದಾರರು ಕಟ್ಟಿದ್ದು, ಜಾಹೀರಾತಿನಿಂದ ಬಂದದ್ದು ಎಲ್ಲ ಒಂದೇ ಕಡೆ ಸೇರುತ್ತದೆ. ಸಂಸ್ಥೆ ತನ್ನ ಪಾಲು ಹಿಡಿದುಕೊಂಡು, ಉಳಿದದ್ದನ್ನು ಆ ತಿಂಗಳ ಒಟ್ಟು ಪ್ಲೇಗಳಲ್ಲಿ ಯಾರದ್ದು ಎಷ್ಟೋ ಅದಕ್ಕೆ ತಕ್ಕಂತೆ ಹಂಚುತ್ತದೆ. ಅಂದರೆ ಒಬ್ಬರು ತಿಂಗಳಿಡೀ ನನ್ನ ಹಾಡುಗಳನ್ನಷ್ಟೇ ಕೇಳಿದರೂ ಅವರ ಚಂದಾದ ಬಹುಪಾಲು ಅವರು ಹೆಸರೂ ಕೇಳದ ದೊಡ್ಡ ತಾರೆಯರಿಗೆ ಹೋಗುತ್ತದೆ. ಕೇಳುಗರು ಕೊಟ್ಟ ಹಣ ಅವರು ಕೇಳಿದವರಿಗೇ ಹೋಗಲಿ ಎಂಬ ಲೆಕ್ಕವನ್ನು ಸೌಂಡ್‌ಕ್ಲೌಡ್ ಎಂಬ ಸ್ಟ್ರೀಮಿಂಗ್ ತಾಣ 2021ರಲ್ಲಿ ಸ್ವತಂತ್ರ ಕಲಾವಿದರಿಗಾಗಿ ತಂದಿತು. ಉಳಿದ ಕಡೆ ಹೆಚ್ಚಾಗಿ ಹಳೆಯ ಲೆಕ್ಕವೇ. ಸ್ಪಾಟಿಫೈಯಲ್ಲಂತೂ 2024ರಿಂದ, ಹಿಂದಿನ 12 ತಿಂಗಳಲ್ಲಿ 1,000 ಪ್ಲೇ ದಾಟದ ಹಾಡಿಗೆ ರೆಕಾರ್ಡಿಂಗ್ ಬಾಬ್ತಿನ ಹಣವೇ ಇಲ್ಲ.

ಈ ಲೆಕ್ಕ ಅರ್ಥವಾದ ಮೇಲೆ ನಾನು ಹಿಡಿದದ್ದು ಉದ್ಯಮ ಹೆಚ್ಚುಕಡಿಮೆ ಕೈಬಿಟ್ಟ ದಾರಿ. ಫೈಲನ್ನು ಡೌನ್‌ಲೋಡ್‌ಗೆ ಇಟ್ಟು, ದುಡ್ಡಿಗೆ ಮಾರುವುದು.

ಡೌನ್‌ಲೋಡ್‌ಗೂ ಸಂಗೀತೋದ್ಯಮಕ್ಕೂ ಇರುವ ಹಳೆಯ ಜಗಳ ಗೊತ್ತಿರುವುದೇ. 1999ರಲ್ಲಿ, ಜನ ತಮ್ಮತಮ್ಮಲ್ಲೇ ಹಾಡುಗಳನ್ನು ಬಿಟ್ಟಿ ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಬಂತು, 2001ರಲ್ಲಿ ಕೋರ್ಟಿನ ಏಟಿಗೆ ಮುಚ್ಚಿತು. 2003ರಲ್ಲಿ ಆಪಲ್‌ನ ಐಟ್ಯೂನ್ಸ್ ಒಂದು ಹಾಡಿಗೆ 99 ಸೆಂಟ್ ಎಂದು ಅಂಗಡಿ ತೆರೆದಾಗ, ಬಿಟ್ಟಿ ಸಿಗುವುದನ್ನೂ ಸಲೀಸಾಗಿ ಸಿಕ್ಕರೆ ಜನ ಕೊಳ್ಳುತ್ತಾರೆ ಎಂದು ಗೊತ್ತಾಯಿತು. 2009ರಲ್ಲಿ ಆ ಅಂಗಡಿ, ನಕಲು ಮಾಡಿ ಹಂಚದಂತೆ ಹಾಡುಗಳಿಗೆ ಹಾಕಿದ್ದ ಬೀಗವನ್ನೂ ತೆಗೆಯಿತು. ಮುಂದಿನದ್ದು ಸ್ಟ್ರೀಮಿಂಗ್‌ನ ಕಾಲ. ರೆಕಾರ್ಡ್ ಕಂಪನಿಗಳ ಜಾಗತಿಕ ಸಂಘ ಐಎಫ್‌ಪಿಐ ಲೆಕ್ಕದಲ್ಲಿ 2024ರಲ್ಲಿ ರೆಕಾರ್ಡ್ ಆದ ಸಂಗೀತದ ವರಮಾನ 29.6 ಬಿಲಿಯನ್ ಡಾಲರ್, ಅದರಲ್ಲಿ ಮೂರನೇ ಎರಡರಷ್ಟಕ್ಕಿಂತ ಹೆಚ್ಚು ಸ್ಟ್ರೀಮಿಂಗ್‌ನದ್ದು. ಸಂಗೀತ ಮುಳುಗಿತು ಎಂದು ಗೋಳಾಡಿದ್ದವರ ಪೆಟ್ಟಿಗೆ ಮತ್ತೆ ತುಂಬಿದೆ. ನಮ್ಮಂಥವರದ್ದು ಬೇರೆ ಕಥೆ.

ಡೌನ್‌ಲೋಡ್‌ಗೆ ಇಡುವುದಾದರೆ ಫೈಲು ಚೆನ್ನಾಗಿರಬೇಕು. ದುಡ್ಡು ಕೊಟ್ಟವರಿಗೆ ಸ್ಟ್ರೀಮಿಂಗ್‌ಗಿಂತ ಮೇಲಾದದ್ದು ಸಿಗದಿದ್ದರೆ ಅವರೇಕೆ ಕೊಳ್ಳಬೇಕು? ನಾನು ರೆಕಾರ್ಡ್ ಮಾಡುವುದು 24 ಬಿಟ್‌ನಲ್ಲಿ. ಮಾರುವುದೂ ಅದನ್ನೇ, ಫ್ಲ್ಯಾಕ್ ರೂಪದಲ್ಲಿ. ಅದು ಫೈಲನ್ನು ಚಿಕ್ಕದು ಮಾಡುತ್ತದೆ, ಧ್ವನಿಯಲ್ಲಿ ಏನನ್ನೂ ಕಳೆಯುವುದಿಲ್ಲ. ಎಂಪಿ3ಯ ಕಥೆ ಬೇರೆ. 128 ಕೆಬಿಪಿಎಸ್‌ಗೆ, ಅಂದರೆ ಸೆಕೆಂಡಿಗೆ 128 ಕಿಲೋಬಿಟ್‌ಗೆ, ಇಳಿಸಿದ ಹಾಡಿನಲ್ಲಿ ಡ್ರಮ್ಸ್‌ನ ಸಿಂಬಲ್ ಹೊಡೆದು ನಿಂತ ಮೇಲಿನ ನಾದವನ್ನು ಹೆಡ್‌ಫೋನಿನಲ್ಲಿ ಕೇಳಿ ನೋಡಿ. ಹೊಳಪು ಹೋಗಿ, ನೀರಿನೊಳಗಿಂದ ಬಂದಂತೆ ಸುಯ್‌ಗುಡುತ್ತದೆ. ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಎಂಪಿ3 ಮಾಡುವಾಗ ಅಲೆಯ ತುದಿಗಳು ಮೂಲಕ್ಕಿಂತ ತುಸು ಮೇಲೇಳುತ್ತವೆ. ಮಾಸ್ಟರ್ ಅನ್ನು, ಅಂದರೆ ಬಿಡುಗಡೆಗೆ ಸಿದ್ಧವಾದ ಕೊನೆಯ ಪ್ರತಿಯನ್ನು, ಡಿಜಿಟಲ್ ಧ್ವನಿಯ ಮೇಲ್ಮಿತಿಯಾದ ಸೊನ್ನೆ ಡೆಸಿಬೆಲ್‌ವರೆಗೆ ತುಂಬಿದ್ದರೆ ಅಲ್ಲಿ ಧ್ವನಿ ಒಡೆಯುತ್ತದೆ. ಹಾಗಾಗಿ ಒಂದು ಡೆಸಿಬೆಲ್ ಜಾಗ ಬಿಟ್ಟೇ ಮಾಸ್ಟರ್ ಮುಗಿಸುತ್ತೇನೆ. ‘ಇನ್ನೂ ಜೋರಾಗಿ ಕೇಳಿಸಲಿ’ ಎಂದು ಧ್ವನಿಯ ಏರಿಳಿತವನ್ನು ಹಿಂಡುವುದರಲ್ಲೂ ಅರ್ಥವಿಲ್ಲ. ಸ್ಪಾಟಿಫೈ ಸಾಮಾನ್ಯವಾಗಿ ಎಲ್ಲ ಹಾಡುಗಳನ್ನೂ ಮೈನಸ್ 14 ಲಫ್ಸ್ (ಕಿವಿಗೆ ಎಷ್ಟು ಜೋರಾಗಿ ಕೇಳಿಸುತ್ತದೆ ಎಂಬುದರ ಅಳತೆ) ಆಸುಪಾಸಿಗೆ ತಂದು ನುಡಿಸುತ್ತದೆ. ಜೋರು ಮಾಡಿದ್ದನ್ನು ಅವರೇ ತಗ್ಗಿಸುತ್ತಾರೆ, ಹಿಂಡಿ ಹಾಳಾದದ್ದು ಮಾತ್ರ ಹಾಗೇ ಉಳಿಯುತ್ತದೆ.

ಇನ್ನು ಕಾಗದಪತ್ರ. ಹಾಡು ಕಟ್ಟುವುದಕ್ಕಿಂತ ಇದಕ್ಕೆ ಹೆಚ್ಚು ತಾಳ್ಮೆ ಬೇಕು. ಒಂದು ಹಾಡಿನಲ್ಲಿ ಎರಡು ಆಸ್ತಿ ಇರುತ್ತವೆ. ಸಾಹಿತ್ಯ ಮತ್ತು ರಾಗಸಂಯೋಜನೆ ಒಂದು, ಅದನ್ನು ಹಾಡಿ ನುಡಿಸಿ ಹಿಡಿದಿಟ್ಟ ರೆಕಾರ್ಡಿಂಗ್ ಇನ್ನೊಂದು. ಎರಡರ ಹಣವೂ ಬೇರೆ ಬೇರೆ ದಾರಿಯಲ್ಲಿ ಬರುತ್ತದೆ. ರೆಕಾರ್ಡಿಂಗ್‌ಗೆ ಐಎಸ್‌ಆರ್‌ಸಿ ಎಂಬ 12 ಅಕ್ಷರಾಂಕಗಳ ಗುರುತು ಇರುತ್ತದೆ. ಹಾಡನ್ನು ಎಲ್ಲಿ ಹಾಕಿದರೂ ಅದೇ ಸಂಖ್ಯೆ ಜೊತೆಗಿರಬೇಕು. ಹಾಡನ್ನು ಸ್ಟ್ರೀಮಿಂಗ್ ತಾಣಗಳಿಗೆ ತಲುಪಿಸುವ ವಿತರಕರನ್ನು ಬದಲಾಯಿಸುವಾಗ ಹಳೆಯ ಸಂಖ್ಯೆಯನ್ನೇ ಕೊಡದೆ ಹೊಸದು ತೆಗೆದುಕೊಂಡರೆ, ಅಷ್ಟು ದಿನ ಕೂಡಿಟ್ಟ ಪ್ಲೇಗಳ ಲೆಕ್ಕ ಹೊಸ ಹಾಡಿನಂತೆ ಮತ್ತೆ ಸೊನ್ನೆಯಿಂದ ಶುರುವಾಗಬಹುದು.

ಪಾಲಿನ ಮಾತಂತೂ ರೆಕಾರ್ಡಿಂಗ್ ಮುಗಿದ ದಿನವೇ, ಎಲ್ಲರೂ ಖುಷಿಯಲ್ಲಿರುವಾಗಲೇ ಆಗಬೇಕು. ನಾನು ಒಂದೇ ಹಾಳೆಯಲ್ಲಿ ಬರೆಯುತ್ತೇನೆ: ಸಾಹಿತ್ಯ ಯಾರದ್ದು, ರಾಗ ಯಾರದ್ದು, ಅದರಲ್ಲಿ ಯಾರಿಗೆ ಶೇಕಡಾ ಎಷ್ಟು, ರೆಕಾರ್ಡಿಂಗ್‌ನಲ್ಲಿ ಎಷ್ಟು. ಪಕ್ಕದಲ್ಲಿ ಸಹಿ. ಗಿಟಾರ್ ನುಡಿಸಿದವರು ‘ನಮ್ಮ ನಮ್ಮಲ್ಲಿ ಇದೆಲ್ಲ ಯಾಕೆ?’ ಎಂದು ಮುಖ ಸಿಂಡರಿಸಿದ್ದುಂಟು. ಆದರೆ ಹಾಡು ಯಾವುದೋ ಜಾಹೀರಾತಿಗೆ ಬೇಕು ಎಂದು ಕರೆ ಬಂದಾಗ, ಎಲ್ಲರ ಒಪ್ಪಿಗೆಯೂ ಹಾಳೆಯ ಮೇಲೆ ಇದ್ದದ್ದರಿಂದ ಮಾತು ಒಂದೇ ದಿನದಲ್ಲಿ ಮುಗಿಯಿತು. ಮುಖ ಸಿಂಡರಿಸಿದವರೇ ಈಗ ತಮ್ಮ ಹಾಡುಗಳಿಗೆ ಆ ಹಾಳೆ ಕೇಳಿ ತೆಗೆದುಕೊಂಡು ಹೋಗಿದ್ದಾರೆ.

ಮಾರಾಟಕ್ಕೆ ಕಲಾವಿದರೇ ನೇರವಾಗಿ ಮಾರಬಹುದಾದ ತಾಣದಲ್ಲಿ ಪುಟ ತೆರೆದೆ. ಬ್ಯಾಂಡ್‌ಕ್ಯಾಂಪ್‌ನಂಥ ತಾಣ ಡಿಜಿಟಲ್ ಮಾರಾಟದಲ್ಲಿ ಶೇ. 15ರಷ್ಟು ಹಿಡಿದುಕೊಳ್ಳುತ್ತದೆ, ಹಣ ಪಾವತಿಯ ಶುಲ್ಕ ಬೇರೆ. ಉಳಿದದ್ದು ನಮ್ಮದು. ಬೆಲೆಯನ್ನು ‘ಕನಿಷ್ಠ ಇಷ್ಟು, ಮೇಲೆ ನಿಮ್ಮಿಷ್ಟ’ ಎಂದು ಇಟ್ಟೆ. ಬ್ರಿಟನ್ನಿನ ರಾಕ್ ತಂಡ ರೇಡಿಯೊಹೆಡ್ 2007ರಲ್ಲಿ ತನ್ನ ಆಲ್ಬಮ್ಮಿಗೆ ಬೆಲೆಯನ್ನು ಪೂರ್ತಿ ಕೇಳುಗರಿಗೇ ಬಿಟ್ಟಿತ್ತು. ಅಷ್ಟು ದೊಡ್ಡ ಹೆಸರಿರುವವರಿಗೆ ಸೊನ್ನೆಯೂ ನಡೆಯುತ್ತದೆ, ನನಗೆ ನಡೆಯುವುದಿಲ್ಲ. ಕನಿಷ್ಠ ಎಂದು ಒಂದು ಮೊತ್ತ ಕಂಡರೆ ಅದಕ್ಕಿಂತ ಹೆಚ್ಚು ಕೊಡಲು ಜನರಿಗೆ ಮನಸ್ಸಾಗುತ್ತದೆ ಎಂಬುದು ನನ್ನ ಪುಟದಲ್ಲಿ ಮತ್ತೆ ಮತ್ತೆ ಕಂಡದ್ದು.

ಆ ಹಣಕ್ಕಿಂತ ನನಗೆ ದೊಡ್ಡದಾಗಿ ಕಂಡದ್ದು ಅದರ ಜೊತೆ ಬರುವ ಇಮೇಲ್ ವಿಳಾಸ. ಸ್ಟ್ರೀಮಿಂಗ್ ನನಗೆ ಅಂಕಿಅಂಶ ಕೊಡುತ್ತದೆ. ಯಾವ ನಗರದಲ್ಲಿ ಎಷ್ಟು ಜನ, ಯಾವ ವಯಸ್ಸಿನವರು, ಎಲ್ಲ ಬಣ್ಣಬಣ್ಣದ ಗ್ರಾಫಿನಲ್ಲಿ. ಆದರೆ ಆ ಜನರಲ್ಲಿ ಒಬ್ಬರಿಗೂ ನಾನು ಪತ್ರ ಬರೆಯಲಾರೆ. ನಾಳೆ ಆ ಸಂಸ್ಥೆ ತನ್ನ ಶಿಫಾರಸಿನ ಲೆಕ್ಕಾಚಾರ ಬದಲಿಸಿದರೆ ನನ್ನ ಕೇಳುಗರೆಲ್ಲ ಕಾಣದಾಗುತ್ತಾರೆ. ಡೌನ್‌ಲೋಡ್ ಕೊಂಡು, ಸುದ್ದಿ ಕಳಿಸಲು ಒಪ್ಪಿಗೆ ಕೊಟ್ಟವರ ಪಟ್ಟಿ ನನ್ನ ಹತ್ತಿರವೇ ಇದೆ. ಅದು ಉದ್ದವಾದದ್ದೇನಲ್ಲ, ಆದರೆ ಹೊಸ ಹಾಡು ಬಂದಾಗ, ಕಾರ್ಯಕ್ರಮದ ಟಿಕೆಟ್ ಬಿಟ್ಟಾಗ ಮೊದಲು ಬರುವುದು ಆ ಪಟ್ಟಿಯವರೇ.

ಇದು ಎಷ್ಟು ಮುಖ್ಯ ಎಂದು ತಿಳಿದದ್ದು ಒಂದು ಸಲ ಹಾಡು ಮಾಯವಾದಾಗ. ಯಾರೋ ನಕಲಿ ಪ್ಲೇಗಳನ್ನು ಸೃಷ್ಟಿಸುವ ಪ್ಲೇಲಿಸ್ಟಿಗೆ ನನ್ನ ಹಾಡನ್ನೂ ಸೇರಿಸಿದ್ದರು. ಅಸಲಿ ಹಾಡುಗಳ ನಡುವೆ ತಮ್ಮದನ್ನು ಅಡಗಿಸಲು ಹೀಗೆ ಮಾಡುವವರಿದ್ದಾರೆ. ನನ್ನ ವಿತರಕರು ‘ಕೃತಕ ಸ್ಟ್ರೀಮಿಂಗ್’ ಎಂದು ಎರಡು ಸಾಲಿನ ಮೇಲ್ ಕಳಿಸಿ ಹಾಡನ್ನು ಎಲ್ಲ ಕಡೆಯಿಂದ ಇಳಿಸಿದರು. ನಾನು ಯಾರಿಗೂ ದುಡ್ಡು ಕೊಟ್ಟಿಲ್ಲ ಎಂದು ಬರೆದದ್ದಕ್ಕೆಲ್ಲ ಯಂತ್ರದ ಉತ್ತರ. ತಿಂಗಳುಗಟ್ಟಲೆ ಹೀಗೇ ನಡೆಯಿತು. ಆ ಹೊತ್ತಿನಲ್ಲಿ ಹಾಡು ಸಿಗುತ್ತಿದ್ದದ್ದು ನನ್ನ ಪುಟದಲ್ಲಿ ಮಾತ್ರ. ಪಟ್ಟಿಯವರಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಅದಾಗಲೇ ಕೊಂಡಿದ್ದವರಲ್ಲೇ ಕೆಲವರು ಗೆಳೆಯರಿಗಾಗಿ ಇನ್ನೊಂದು ಪ್ರತಿ ಕೊಂಡರು.

ಡೌನ್‌ಲೋಡ್‌ನ ಜೊತೆ ಏನೇನು ಇಡಬೇಕು ಎಂಬುದರಲ್ಲಿ ನನಗೇ ಅಚ್ಚರಿಯಾದ ಸಂಗತಿ ಒಂದಿದೆ. ಸಾಹಿತ್ಯದ ಪಿಡಿಎಫ್, ಮುಖಪುಟದ ದೊಡ್ಡ ಚಿತ್ರ ಇವನ್ನು ಯಾರೂ ಕೇಳಲಿಲ್ಲ. ಜನ ಮುಗಿಬಿದ್ದದ್ದು ಬಿಡಿಬಿಡಿಯಾದ ಟ್ರ್ಯಾಕುಗಳಿಗೆ. ಗಾಯನ ಒಂದು ಫೈಲು, ಗಿಟಾರ್ ಒಂದು, ಬೇಸ್ ಒಂದು, ಡ್ರಮ್ಸ್ ಒಂದು. ವಾದ್ಯ ಕಲಿಯುತ್ತಿರುವವರು ತಮ್ಮ ವಾದ್ಯದ ಫೈಲನ್ನು ತೆಗೆದುಹಾಕಿ ಉಳಿದದ್ದರ ಜೊತೆ ನುಡಿಸುತ್ತಾರೆ. ಹಾಡುಗಾರರು ನನ್ನ ದನಿ ತೆಗೆದು ತಾವು ಹಾಡುತ್ತಾರೆ. ಸ್ಟ್ರೀಮಿಂಗ್‌ನಲ್ಲಿ ಸಿಗುವುದು ಮುಗಿದ ಹಾಡು ಮಾತ್ರ. ಬಿಚ್ಚಿ ನೋಡಬಹುದಾದ ಹಾಡಿಗೆ ಬೆಲೆ ಇದೆ.

ಕದಿಯುವವರ ಬಗ್ಗೆ ಎಲ್ಲರೂ ಕೇಳುತ್ತಾರೆ. ಬೀಗ ಹಾಕಿಲ್ಲ. ಬೀಗ ಕಾಡುವುದು ಕೊಂಡವರನ್ನೇ, ಕದ್ದವರನ್ನಲ್ಲ. ಪ್ರತಿ ಫೈಲಿನ ಟ್ಯಾಗ್‌ನಲ್ಲಿ ಟಿಪ್ಪಣಿಗೆ ಒಂದು ಜಾಗ ಇರುತ್ತದೆ, ಅಲ್ಲಿ ನನ್ನ ಪುಟದ ವಿಳಾಸ ಬರೆದಿಡುತ್ತೇನೆ. ಫೈಲು ಯಾರ ಕೈಗೆ ದಾಟಿದರೂ ವಿಳಾಸ ಅದರ ಜೊತೆಗೇ ಹೋಗುತ್ತದೆ. ‘ಗೆಳೆಯ ಕೊಟ್ಟಿದ್ದ, ಈಗ ದುಡ್ಡು ಹಾಕಿದ್ದೇನೆ’ ಎಂದು ಬರೆದವರೂ ಇದ್ದಾರೆ.

ನನಗೆ ಕಾಣುವ ನಿಜವಾದ ಕಾಟ ಬೇರೆ. 2025ರ ಏಪ್ರಿಲ್‌ನಲ್ಲಿ ಡೀಜರ್ ಎಂಬ ಸ್ಟ್ರೀಮಿಂಗ್ ಸಂಸ್ಥೆ, ತನ್ನಲ್ಲಿಗೆ ದಿನಕ್ಕೆ 20,000ಕ್ಕೂ ಹೆಚ್ಚು ಹಾಡುಗಳು ಪೂರ್ತಿ ಎಐ ತಯಾರಿಸಿದವೇ ಬರುತ್ತಿವೆ ಎಂದಿತು. ಎಲ್ಲರ ಹಣವೂ ಒಂದೇ ಕಡೆ ಸೇರಿ ಹಂಚಿಕೆಯಾಗುವಾಗ, ಇವುಗಳಿಗೆ ಬೀಳುವ ಪ್ರತಿ ಪ್ಲೇ ನಮ್ಮ ಪಾಲಿನಿಂದ ಕತ್ತರಿಸಿದ್ದು. ಅದನ್ನು ನಾನೊಬ್ಬಳೇ ತಡೆಯಲಾರೆ. ಸ್ಟ್ರೀಮಿಂಗ್ ಬಿಟ್ಟಿಲ್ಲ, ಹೊಸಬರು ನನ್ನ ಹಾಡನ್ನು ಮೊದಲು ಕೇಳುವುದು ಅಲ್ಲೇ. ಆದರೆ ಹೊಸ ಆಲ್ಬಂ ಮೊದಲು ಪಟ್ಟಿಯವರಿಗೆ ಡೌನ್‌ಲೋಡ್ ಆಗಿ ಹೋಗುತ್ತದೆ, ಬಿಡಿ ಟ್ರ್ಯಾಕುಗಳ ಸಮೇತ. ಕೆಲವು ವಾರ ಬಿಟ್ಟು ಎಲ್ಲ ಕಡೆ ಬರುತ್ತದೆ. ಮುಂದಿನದ್ದರ ಮಿಕ್ಸಿಂಗ್ ನಡೆಯುತ್ತಿದೆ, ಪಾಲಿನ ಹಾಳೆಗೆ ಬೇಸ್ ನುಡಿಸಿದವರ ಸಹಿ ಒಂದು ಬಾಕಿ.